ಕಾವುಪೆಟ್ಟಿಗೆಯ ಮುಚ್ಚಳ

ಅಪ್ಪಾ,

ಕಳಿಸೋಕೆ ವಿಳಾಸ ಇಲ್ಲ, ಆದರೂ ಸುದ್ದಿ ಹೇಳಬೇಕು. ನೀವು ಹೋದ ಮೇಲೆ ಮೂಲೆ ಸೇರಿದ್ದ ನಿಮ್ಮ ಕಾವುಪೆಟ್ಟಿಗೆಯಲ್ಲಿ ಬಾತುಮರಿಗಳು ಹುಟ್ಟಿವೆ. ಅದೇ ಥರ್ಮಾಕೋಲ್ ಡಬ್ಬ, ಅದೇ ಬಲ್ಬು.

ನೀವಿದ್ದಾಗ ಒಂದು ಮೊಟ್ಟೆಯೂ ಮರಿಯಾಗಲಿಲ್ಲ. ಪ್ರತಿ ಸಲವೂ ಅಮ್ಮನ ಮೇಲೆ ಗೂಬೆ ಕೂರಿಸಿದಿರಿ: "ಇವಳು ಮುಚ್ಚಳ ತೆಗೆದು ತೆಗೆದು ನೋಡ್ತಾಳೆ, ಕಾವು ಎಲ್ಲಿ ನಿಲ್ಲುತ್ತೆ?" ತಾಯಿಬಾತು ನೀರಿಗೆ ಹೋಗಿ ಒದ್ದೆ ಮೈಯಲ್ಲೇ ಬಂದು ಕೂರುತ್ತೆ, ಮೊಟ್ಟೆಗೂ ಅಷ್ಟು ಗಾಳಿ, ನೀರು ಬೇಕು ಅಂತ ಅವಳು ಆಗಲೇ ಹೇಳಿದ್ದಳು. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನಾದರೂ ಯಾರ ಮಗಳು? ನಾನೂ ಅವಳ ಮಾತು ಕೇಳಲಿಲ್ಲ.

ಈ ಸಲ ಅವಳೇ ದಿನಾ ಬೆಳಿಗ್ಗೆ ಮುಚ್ಚಳ ತೆಗೆದಿಟ್ಟು, ಇಸ್ತ್ರಿ ಬಟ್ಟೆಗೆ ಚಿಮುಕಿಸುವ ಹಾಗೆ ಮೊಟ್ಟೆಗಳಿಗೆ ನೀರು ಚಿಮುಕಿಸಿ, ನಿಧಾನವಾಗಿ ಕಾಫಿ ಕುಡಿದು ಬಂದು ಮುಚ್ಚುತ್ತಿದ್ದಳು.

ನಿನ್ನೆ ಮೊದಲ ಚಿಪ್ಪು ಬಿರುಕು ಬಿಟ್ಟಿತು. ಒಳಗಿಂದ ಕೀಚಲು ದನಿ. ಮರಿಗೆ ಒಂದು ಕೈ ಕೊಡೋಣ ಅಂತ ನಾನು ಮುಚ್ಚಳ ಎತ್ತಲು ಹೋದೆ. ಅಮ್ಮ ಕೈ ಮೇಲೆ ಫಟ್ಟನೆ ಹೊಡೆದಳು.

"ಈಗ ತೆಗೀಬೇಡ. ಪೊರೆ ಒಣಗಿ ಮರಿಗೆ ಅಂಟಿಕೊಂಡುಬಿಡುತ್ತೆ."

ಆಮೇಲೆ ದನಿ ತಗ್ಗಿಸಿ ಅಂದಳು: "ಅಪ್ಪ ಬೈತಾರೆ."