ಸೆರಗು ಒಡ್ಡಿ ಕುಳಿತಿದ್ದೆ

೧೪ ನವೆಂಬರ್, ಶುಕ್ರವಾರ

ಸಾರವಾಡದ ತವರಿನಲ್ಲಿ ಇಂದು ಮನೆಯ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿದರು. ನಾನೂ ಸೆರಗು ಒಡ್ಡಿ ಕುಳಿತಿದ್ದೆ. ಅಣ್ಣನ ಹೆಂಡತಿ ಸುಮಂಗಲಾ ಅಕ್ಕಿ, ಕುಬಸದ ಖಣ ಹಿಡಿದು ನನ್ನನ್ನು ದಾಟಿ ಹೋದಳು.

“ರವಿವಾರ ನೀರಾಗ ಮುಳುಗಾಕ ಹೊಂಟಾಳಲ್ಲ, ಆ ಯೇಸುನ ಬಂದು ತುಂಬಲಿ ಬಿಡ್ರಿ,” ಎಂದ ಅಣ್ಣ. ಎಲ್ಲರೂ ನಕ್ಕರು.

ತವರು, ಹೊಲದ ಪಾಲು ಎರಡೂ ತಪ್ಪೀತೆಂದು ಹೆದರಿ ವರ್ಷಗಟ್ಟಲೆ ಕದ್ದು ಪ್ರಾರ್ಥಿಸಿದೆ. ಇಂದು ಎರಡನ್ನೂ ಬಿಟ್ಟು ಎದ್ದು ಬಂದೆ. ಭಯ ಹೋಯಿತು. ಸಿಟ್ಟು ಹೋಗಿಲ್ಲ.

ರವಿವಾರದ ದೀಕ್ಷಾಸ್ನಾನಕ್ಕೆ ಮೊದಲು ಅಣ್ಣನನ್ನು ಕ್ಷಮಿಸಿ ಎಂದಿದ್ದಾರೆ ಪಾಸ್ಟರ್. ನಾನು ಮುಳುಗುವುದನ್ನು ಅವನು ನೋಡಿ ಉರಿಯಲೆಂಬುದೇ ನನ್ನ ಆಸೆ. ಹಾಗಾದರೆ ನಾನು ನೀರಿಗಿಳಿಯುವುದು ಯಾರಿಗಾಗಿ?

ಈಗಷ್ಟೇ ಮೊಣಕಾಲೂರಿದೆ. ಕರ್ತನೇ, ಅವನಿಗೆ ಒಳ್ಳೆಯದು ಮಾಡು ಎಂದೆ. ಅದಕ್ಕೂ ಮೊದಲು ನನ್ನ ಕಣ್ಣೆದುರೇ ಅವನು ಅಳಲಿ ಎಂದೂ ಸೇರಿಸಿದೆ. ಮನಸ್ಸಿಟ್ಟು ಬೇಡಿದ್ದು ಎರಡನೆಯದನ್ನೇ. ಹೀಗೇ ಇಳಿಯುತ್ತೇನೆ, ಇನ್ನು ಹಿಂದೆ ಸರಿಯಲಾರೆ.