ಹಸಿರು ಕಲ್ಲನ್ನ ಗೀರಿ ನೋಡಿ

ರೀ,

ಪುಟ್ಟಿ ನಿಮ್ಮ ಹಸಿರು ಕಲ್ಲನ್ನ ಬಾಯಿಗೆ ಹಾಕ್ಕೊಂಡಿದ್ಲು. ಅದರಲ್ಲಿದ್ದ ಒಂದು ಹರಳು ಕಾಣ್ತಿಲ್ಲ, ನುಂಗಿರಬೇಕು. ಆಸ್ಪತ್ರೆಗೆ ಓಡ್ತಿದ್ದೀವಿ. ಫೋನ್ ಎತ್ತೋಕೆ ನಿಮಗೇನು ಧಾಡಿ?

ಕಲ್ಲು ಸಿಂಕ್ ಪಕ್ಕದ ತಟ್ಟೇಲಿದೆ. ಕೈಗವಸು ಹಾಕ್ಕೊಂಡೇ ಮುಟ್ಟಿ. ಪೈರೊಮಾರ್ಫೈಟ್ ಅಂದ್ರೆ ಸೀಸದ ಕಲ್ಲು, ಹೊಟ್ಟೆಗೆ ಹೋದ್ರೆ ವಿಷ, ಗಾತ್ರಕ್ಕೆ ಮೀರಿದ ಭಾರ, ಹರಳಿಗೆ ಆರು ಮುಖ ಅಂತ ಊಟದ ಹೊತ್ತಲ್ಲೆಲ್ಲ ತಲೆ ತಿಂತಿದ್ರಲ್ಲ, ಈಗ ನೋಡಿ. ಚಾಕು ತುದೀಲಿ ಗೀರಿ. ಗೀರು ಬಿದ್ರೆ ಸೀಸದ ಕಲ್ಲು, ಬೀಳದಿದ್ರೆ ಬರೀ ಗಾಜು. ಹಾಳಾಗತ್ತೆ ಅಂತ ಹಿಂದೆಮುಂದೆ ನೋಡ್ಬೇಡಿ. ತಕ್ಷಣ ಫೋನ್ ಮಾಡಿ, ಡಾಕ್ಟರಿಗೆ ಹೇಳ್ಬೇಕು.

ಮಗು ಆರಾಮಾಗಿ ನಗ್ತಿದೆ.

ಈ ಕಲ್ಲು ಮಾರಿದ ಅಂಗಡಿಯವನು ನಿಮಗೆ ಟೋಪಿ ಹಾಕಿದ್ದಾನೆ ಅಂತ ವರ್ಷವೆಲ್ಲ ಆಡ್ಕೊಂಡು ನಗ್ತಿದ್ದೆ. ಹಾಕಿರಲಿ ಕಣ್ರೀ, ನಿಜವಾಗ್ಲೂ ಹಾಕಿರಲಿ.