ಕರಕರ ಎನ್ನುವ ಸಾಲು

ಹಂಗಳ, ಗುಂಡ್ಲುಪೇಟೆ ತಾಲ್ಲೂಕು
ತಾರೀಖು 14-2-1955

ಪ್ರೀತಿಯ ಅಣ್ಣಾ,

ಮೊದಲು ನನ್ನ ಅಕ್ಷರವನ್ನು ಕ್ಷಮಿಸು. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಎಮ್ಮೆ ಗಬ್ಬವಾದ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ, ಅಷ್ಟೇ. ಒತ್ತಕ್ಷರ ಬಂದಲ್ಲೆಲ್ಲ ಪೆನ್ಸಿಲ್ಲು ನಿಂತುಬಿಡುತ್ತದೆ. ತಪ್ಪಿದ್ದರೆ ನೀನು ಹಿಂದೆ ಮಾಡುತ್ತಿದ್ದ ಹಾಗೆ ಸುತ್ತ ಗೆರೆ ಎಳೆದು ನಗು, ಆದರೆ ಬೇರೆ ಯಾರಿಗೂ ತೋರಿಸಬೇಡ. ತೀರ್ಥರೂಪು ಸಮಾನರಾದ ಅಣ್ಣನವರಿಗೆ ಎಂದು ಶುರು ಮಾಡಬೇಕೆಂದು ನನಗೂ ಗೊತ್ತು. ಹಾಗೆ ಬರೆದ ಎರಡು ಹಾಳೆ ಹರಿದು ಒಲೆಗೆ ಹಾಕಿದೆ. ಅದನ್ನು ಓದಿದರೆ ಯಾರೋ ಶಾನುಭೋಗರು ಬರೆದ ಹಾಗಿತ್ತು.

ನೀನು ಹೇಗಿದ್ದೀಯ? ಪುಣಜನೂರಿನ ಕಡೆ ಕಾಡುಜ್ವರ ಜಾಸ್ತಿಯಂತೆ, ನೀರು ಕಾಯಿಸಿ ಕುಡಿಯುತ್ತೀಯಾ? ಅಡಿಗೆ ಯಾರು ಮಾಡುತ್ತಾರೆ? ನಿನಗೆ ಮುದ್ದೆ ತಿರುವಲು ಬರುವುದಿಲ್ಲ, ಗಂಟುಗಂಟಾಗಿರುವುದನ್ನೇ ನುಂಗುತ್ತಿರುತ್ತೀಯೆ. ಇಲ್ಲಿ ಅವ್ವನ ಮಂಡಿನೋವು ಹಾಗೇ ಇದೆ. ಅಪ್ಪನಿಗೆ ಎಡಗಣ್ಣು ಸ್ವಲ್ಪ ಮಂಜಾಗಿದೆ, ಕೇಳಿದರೆ ಇಲ್ಲ ಎನ್ನುತ್ತಾರೆ. ನಿನ್ನ ಕೆಂದ ಹಸು ಎರಡನೇ ಕರು ಹಾಕಿದೆ. ನನಗೆ ಏನೂ ಆಗಿಲ್ಲ. ಆದರೆ ಒಂದು ವಾರದಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ರಾಗಿ ಬೀಸಲು ಕುಳಿತರೆ ನಡುವೆ ಎದ್ದು ಬಾಗಿಲಿಗೆ ಹೋಗುತ್ತೇನೆ, ಬಾಗಿಲಲ್ಲಿ ನಿಂತರೆ ಯಾಕೆ ಬಂದೆ ಎಂಬುದೇ ಮರೆತುಹೋಗುತ್ತದೆ. 'ಯಾಕಮ್ಮಿ, ಕಾಲ್ಗೇನ್ ಇರುವೆ ಅತ್ಕಂಡವಾ?' ಎಂದು ಅವ್ವ ನಿನ್ನೆ ಗದರಿದಳು.

ಪುಣಜನೂರು ಎಂಬ ಹೆಸರು ಓದಿ ನೀನು ಬೆಚ್ಚಿರಬೇಕು. ಮಾರಯ್ಯನನ್ನು ಬೈಯಬೇಡ, ಅವನು ಹೇಳಲಿಲ್ಲ. ನಮ್ಮ ಹೊಲ ನೋಡಿಕೊಳ್ಳುವ ಮೂಗಯ್ಯನ ಮಗನಾದ ಅವನು ನಿಮ್ಮ ಬಿದಿರಿನ ಡಿಪೋದಲ್ಲೇ ಲಾರಿಗೆ ಲೋಡು ಹಾಕುತ್ತಾನೆ ಎಂದು ನಮಗೆ ಹೇಗೆ ಗೊತ್ತಾಗಬೇಕು? ಹೋದ ವಾರ ಊರಿಗೆ ಬಂದವನು ಅವರಪ್ಪನ ಜೊತೆ ನಮ್ಮ ಹಿತ್ತಲಲ್ಲಿ ಹುಲ್ಲು ಒಟ್ಟುತ್ತಿದ್ದ. ಒಟ್ಟುತ್ತಾ ನಮ್ಮ ಹಂಸದ ಹಾಡು ಹೇಳಿಕೊಳ್ಳುತ್ತಿದ್ದ. ಅದರಲ್ಲಿ ವಿಶೇಷವೇನಿಲ್ಲ, ಆ ಗ್ರಾಮಫೋನು ಪ್ಲೇಟನ್ನು ಅವರ ಕೇರಿಗೆ ಒಯ್ದು ಕೇಳಿಸಿದವನೇ ನೀನು. ಆದರೆ ಎರಡು ಸಾಲು ಹೇಳಿದವನು ಮೂರನೆಯದಕ್ಕೆ ಗಂಟಲಲ್ಲಿ ಕರಕರ ಕರಕರ ಎಂದು ಸದ್ದು ಮಾಡಿ, ನಾಲ್ಕನೇ ಸಾಲಿಗೆ ಹೋದ. ನನ್ನ ಕೈಯಲ್ಲಿದ್ದ ಮಂಕರಿ ಬಿತ್ತು ಅಣ್ಣಾ. ಅವರ ಕೇರಿಯವರು ಕೇಳಿದಾಗ ಪ್ಲೇಟು ಚೆನ್ನಾಗಿತ್ತು. ಆ ಸಾಲು ಕೆಟ್ಟು ಕರಕರ ಎನ್ನತೊಡಗಿದ ಮೇಲೆ ಅದನ್ನು ಕೇಳಿದವರು ನಾಲ್ಕೇ ಜನ. ಮೂವರು ಈ ಮನೆಯಲ್ಲಿದ್ದೇವೆ.

ನನ್ನ ನಾಚಿಕೆ ಎಲ್ಲಿ ಹೋಯಿತೋ, ಬಣವೆಯ ಹತ್ತಿರ ಹೋಗಿ ಯಾರು ಕಲಿಸಿದ್ದು ಎಂದು ಕೇಳಿಬಿಟ್ಟೆ. ಅವನು ಹುಲ್ಲಿನ ಮೇಲೇ ಕುಕ್ಕರಿಸಿದ. 'ಅಯ್ಯೋ ಕೆಟ್ನಲ್ಲಪ್ಪಾ! ಮಾದಪ್ಪನಾಣೆ ನಾ ಏಳ್ನಿಲ್ಲ ಕಣವ್ವಾ, ನೀವೇ ಕಂಡ್ಕಂಡ್ರಿ. ಬಾಯ್ ಬುಟ್ರೆ ಬಿದ್ರು ಕೆಳಗೆ ಆಕ್ಬುಡ್ತೀನಿ ಅಂದವ್ರೆ ನಿಮ್ಮಣ್ಣಾರು' ಎಂದ. ಆಮೇಲೆ ಅವನೇ ನಕ್ಕ. 'ಡಿಪೋಲಿ ಎಲ್ರೂ ಅಂಗೇ ಆಡದು. ಆ ಜಾಗಕ್ಕೆ ಬಂದೇಟ್ಗೆ ಇಪ್ಪತ್ ಜನಾನೂ ಒಟ್ಗೆ ಗಂಟ್ಲು ಕೆರ್ಕತೀವಿ, ಆನೆಗೀನೆ ಇದ್ರೆ ಓಡೋಗ್ಬೇಕು' ಎಂದ. ನನಗೆ ನಗುವೂ ಬಂತು, ಅಳುವೂ ಬಂತು. ಮೂರು ವರ್ಷ ನೀನು ಎಲ್ಲಿದ್ದೀಯೆಂದು ಒಂದು ಕಾಗದವಿಲ್ಲ. ಆದರೆ ಆ ಸದ್ದನ್ನು ಮಾತ್ರ ಜೊತೆಗೆ ಒಯ್ದಿದ್ದೀಯ.

ಈಗ ನನ್ನ ಅವಸರಕ್ಕೆ ಕಾರಣ ಹೇಳುತ್ತೇನೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿರುವ ಗುರುಸಿದ್ದಯ್ಯ ಬಂದು, ಗ್ರಾಮಫೋನು ಮತ್ತು ಪ್ಲೇಟುಗಳನ್ನು ಕೊಡಿ, ಬಸ್ಸಿಗೆ ಕಾಯುವವರು ಕೇಳುತ್ತಾ ಇನ್ನೊಂದು ಕಾಫಿ ಕುಡಿಯುತ್ತಾರೆ ಎಂದ. 'ಕೇಳೋರಿಲ್ದ್ ಮನೇಲಿ ಇದ್ಯಾಕೆ, ಅಬ್ಬ ಕಳ್ದ್ ಮ್ಯಾಲೆ ತಕ್ಕೊಂಡೋಗು' ಎಂದರು ಅಪ್ಪ, ನನ್ನ ಕಡೆ ನೋಡದೆ. ಶಿವರಾತ್ರಿಗೆ ಇನ್ನು ಒಂದೇ ವಾರ. ಮಾರನೇ ದಿನ ಗಾಡಿ ಬರುತ್ತದೆ. ನೀನು ಬಂದು ಬೇಡ ಎಂದರೆ ಅಪ್ಪ ಕೊಡುವುದಿಲ್ಲ, ಅದು ನನಗೆ ಗೊತ್ತು. ನಾನು ಬೇಡ ಎಂದರೆ ಹೆಣ್ಣುಮಗಳು ಗಂಡನ ಮನೆಗೆ ಹೋಗುವವಳು, ನಿನಗೇಕೆ ಎನ್ನುತ್ತಾರೆ.

ಪ್ರತಿ ಶಿವರಾತ್ರಿ ಜಾಗರಣೆಗೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಪ್ಲೇಟೂ ಕೇಳುತ್ತಿದ್ದೆವಲ್ಲ. ಒಂದೊಂದು ಮುಗಿದ ಮೇಲೂ ನಾನು ಏನಾದರೂ ಹೇಳಲೇಬೇಕು ಎಂದು ನೀನು ಹಟ ಹಿಡಿಯುತ್ತಿದ್ದೆ. 'ಚೆನ್ನಾಗದೆ ಅನ್ಬ್ಯಾಡ ಕಣಮ್ಮಿ, ಎಲ್ಲಿ ಚೆನ್ನಾಗದೆ ಅಂತ ಏಳು' ಎನ್ನುತ್ತಿದ್ದೆ. ಆಗ ನನಗೆ ಹೇಳಲು ಬರುತ್ತಿರಲಿಲ್ಲ. ಈ ವಾರ ಅವ್ವ ಹೊಲಕ್ಕೆ ಹೋದಾಗಲೆಲ್ಲ ಒಂದೊಂದೇ ಹಾಕಿ ಕೇಳಿದ್ದೇನೆ, ಹೇಳದೆ ಉಳಿದದ್ದನ್ನು ಈಗ ಬರೆಯುತ್ತೇನೆ. ಪ್ಲೇಟಿನ ಮೇಲೆ ಓಡುವ ಪಿನ್ನುಗಳು ಎಂದೋ ಮುಗಿದವು. ಜಾಲಿಮುಳ್ಳನ್ನು ಪಿನ್ನಿನಷ್ಟು ಉದ್ದಕ್ಕೆ ಕತ್ತರಿಸಿ ಸಿಕ್ಕಿಸುತ್ತೇನೆ. ಒಂದು ಮುಳ್ಳು ಒಂದು ಪಕ್ಕಕ್ಕೆ ಸಾಕಾಗುತ್ತದೆ. ಸದ್ದು ಸಣ್ಣದು, ಪಕ್ಕದ ಕೋಣೆಯಲ್ಲಿ ಯಾರೋ ಹಾಡಿದ ಹಾಗೆ. ಕದ್ದು ಕೇಳುವವಳಿಗೆ ಅದೇ ಒಳ್ಳೆಯದು.

ಮೊದಲನೆಯದು ಶಿವನ ಸ್ತುತಿ. ಹಾಡುವವರ ಗಂಟಲು ಬೆಲ್ಲದ ಪಾಕ, ಆದರೆ ಹಾರ್ಮೋನಿಯಂ ಬಾರಿಸುವವನಿಗೆ ಮೈಸೂರು ಬಸ್ಸು ಹಿಡಿಯುವ ಅವಸರವಿರಬೇಕು, ದೇವರು ಕಣ್ಣು ಬಿಡುವ ಮೊದಲೇ ಮುಗಿಸಿಬಿಡುತ್ತಾನೆ. ಗಂಡಹೆಂಡಿರ ಜಗಳದ ಹಾಸ್ಯದ ಪ್ಲೇಟು ನನಗೆ ಈಗ ನಗು ತರಿಸುವುದಿಲ್ಲ. ಆ ಹೆಂಡತಿ ಹೇಳುವುದೆಲ್ಲ ಸರಿಯಾಗೇ ಇದೆ, ಯಾಕೆ ನಗಬೇಕು? ಆದರೆ ಅವ್ವ ಅದರಲ್ಲಿ ಸೌಟು ಬೀಳುವ ಸದ್ದನ್ನು ನೆನೆದು ಇವತ್ತಿಗೂ ನಗುತ್ತಾಳೆ, ಅದಕ್ಕಾಗಿ ಆ ಪ್ಲೇಟು ಇರಬೇಕು. ನಾಗಸ್ವರದ್ದನ್ನು ಅರ್ಧಕ್ಕೇ ಎತ್ತಿಬಿಟ್ಟೆ. ಅದನ್ನು ಹಾಕಿದರೆ ಹೆಣ್ಣು ನೋಡಲು ಯಾರೋ ಬಂದು ಜಗಲಿಯಲ್ಲಿ ಕುಳಿತಿದ್ದಾರೆ ಅನ್ನಿಸುತ್ತದೆ. ಕುದೇರಿನಿಂದ ಬಂದೂ ಇದ್ದರು, ಆ ಮಾತು ಈಗ ಬೇಡ.

ಸತ್ಯಮಂಗಲದ ವ್ಯಾಪಾರಿ ಕೊಟ್ಟ ತಮಿಳು ಪ್ಲೇಟು ಎಲ್ಲಕ್ಕಿಂತ ಮೇಲು ಎಂದರೆ ನಗುತ್ತೀಯಾ? ನನಗೆ ಒಂದು ಮಾತೂ ತಿಳಿಯುವುದಿಲ್ಲ. ಆದರೆ ಆ ಹೆಂಗಸು ಒಂದು ಕಡೆ ಹಾಡು ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾಳೆ. ಪ್ಲೇಟಿನೊಳಗೆ ಒಬ್ಬಳು ನಿಜವಾಗಿ ಇದ್ದಾಳೆ ಎಂದು ಆಗ ಗೊತ್ತಾಗುತ್ತದೆ. ಎಲ್ಲಿ ಚೆನ್ನಾಗಿದೆ ಎಂದು ನೀನು ಕೇಳಿದರೆ, ಆ ಉಸಿರಿನಲ್ಲಿ ಚೆನ್ನಾಗಿದೆ.

ರಾಜನ ನಾಟಕದ ಸೆಟ್ಟನ್ನು ಎರಡು ದಿನ ಕೇಳಿದೆ. ಪುಸ್ತಕದಂತಹ ರಟ್ಟಿನ ಕವರು ಈಗ ಇಲಿ ಕಡಿದು ಹಾಳಾಗಿದೆ. ಆರರಲ್ಲಿ ನಾಲ್ಕನೆಯ ಪ್ಲೇಟಿನ ಮೇಲೆ ಚಿಕ್ಕಪ್ಪ ಕುಳಿತುಬಿಟ್ಟ ಮೇಲೆ, ರಾಜನ ತಮ್ಮ ಕಾಡಿನಿಂದ ಹೇಗೆ ವಾಪಸ್ಸು ಬಂದ ಎಂದು ನಮಗೆ ತಿಳಿಯಲೇ ಇಲ್ಲ. ಮೂರರಲ್ಲಿ ಹೋಗುತ್ತಾನೆ, ಐದರಲ್ಲಿ ಅರಮನೆಯಲ್ಲಿ ಊಟಕ್ಕೆ ಕುಳಿತಿರುತ್ತಾನೆ. ನೀನು ಪ್ರತಿ ವರ್ಷ ಒಂದೊಂದು ಕಥೆ ಕಟ್ಟುತ್ತಿದ್ದೆ, ಒಮ್ಮೆ ಕರಡಿಯ ಬೆನ್ನ ಮೇಲೆ ಬಂದ ಎಂದೆ. ಚಿಕ್ಕವಳಿದ್ದಾಗ ನನಗೆ ಆ ರಾಜನ ಗಡಸು ದನಿ ಬಹಳ ಇಷ್ಟವಾಗಿತ್ತು. ಈಗ ಕೇಳಿದರೆ ಸಿಟ್ಟು ಬರುತ್ತದೆ. ತಪ್ಪು ಯಾರು ಮಾಡಿದರು ಎಂದು ಒಂದು ಸಲ ವಿಚಾರಿಸುವುದಿಲ್ಲ, ಕಣ್ಣಿಗೆ ಕಂಡದ್ದೇ ನಿಜ ಎಂದು ಅಬ್ಬರಿಸುತ್ತಾನೆ. ತಿಳಿದವರು ಪಕ್ಕದಲ್ಲೇ ನಿಂತಿರುತ್ತಾರೆ, ಅವರೂ ಬಾಯಿ ಬಿಡುವುದಿಲ್ಲ. ಇಲ್ಲಿಗೆ ಬಂದಾಗ ನನಗೆ ಕೂರಲಾಗಲಿಲ್ಲ, ಎದ್ದು ನೀರಿಗೆ ಹೋದೆ.

ಕೊನೆಗೆ ಹಂಸದ ಹಾಡು. ಹೊತ್ತು ಮುಳುಗಿತು ಹಂಸ, ಹೊಳೆ ದಾಟಿ ಬಾ. ಹಚ್ಚಿಟ್ಟ ದೀಪವಿದೆ, ದಾರಿ ಹಿಡಿದು ಬಾ. ಆಮೇಲೆ ಕರಕರ. ಆಮೇಲೆ, ಹಸಿದ ಹೊಟ್ಟೆಯಲಿ ಹೊರಗೆ ನಿಲ್ಲಬೇಡ ಬಾ. ಮೂರನೇ ಸಾಲು ಏನಿತ್ತು ಎಂದು ನನಗೆ ಮರೆತೇ ಹೋಗಿದೆ. ಅವ್ವನನ್ನು ಕೇಳಿದರೆ ಅಲ್ಲಿ ಶಿವನ ಹೆಸರಿತ್ತು ಎನ್ನುತ್ತಾಳೆ, ಅವಳಿಗೆ ಎಲ್ಲ ಕಡೆಯೂ ಶಿವನ ಹೆಸರೇ. ಅಪ್ಪನನ್ನು ಕೇಳುವಂತಿಲ್ಲ. ಆದರೆ ಒಂದು ಹೇಳುತ್ತೇನೆ. ಅಪ್ಪ ಬೆಳಿಗ್ಗೆ ಎತ್ತಿಗೆ ನೀರು ಕುಡಿಸುವಾಗ ಇದನ್ನೇ ಬಾಯೊಳಗೆ ಹಾಡಿಕೊಳ್ಳುತ್ತಾರೆ. ಆ ಜಾಗಕ್ಕೆ ಬಂದಾಗ ನಿಲ್ಲಿಸಿ, 'ಥೂ ನಿನ್ ಮನೆ ಆಳಾಗ, ಸರಿಯಾಗ್ ನಿಂತ್ಕಳ್ಳಾ' ಎಂದು ಎತ್ತಿಗೆ ಬೈದು ನಾಲ್ಕನೇ ಸಾಲು ಹಿಡಿಯುತ್ತಾರೆ. ದಿನವೂ ಅದೇ ಜಾಗದಲ್ಲಿ ಬೈಯಲು ಎತ್ತು ಏನು ಮಾಡಿದೆ ಹೇಳು.

ಆ ದಿನದ್ದನ್ನು ನೀನು ಮರೆತಿರುವುದಿಲ್ಲ. ಕೇರಿಗೆ ಹೋಗಿ ಬಂದದ್ದು ಮೈಲಿಗೆ ಎಂದು ಅಪ್ಪ ಕೂಗಾಡಿದ್ದು, ನೀನು ಹೊರಗೆ ಹೋಗಿ ಮರಳಿ ಬರುವಷ್ಟರಲ್ಲಿ ಪ್ಲೇಟು ಬೂದಿ ಮೆತ್ತಿಕೊಂಡು ಅಪ್ಪನ ಕೈಯಲ್ಲಿದ್ದದ್ದು. 'ಆಡ್ಗೂ ಮೈಲ್ಗೆ ಆಯ್ತದಾ? ಅಟ್ಟಿ ಪಾತ್ರೆ ಉಜ್ದಂಗ್ ಉಜ್ಬುಟ್ರಲ್ಲಾ' ಎಂದು ನೀನು ಕೇಳಿದ್ದು. ಆಮೇಲೆ ನೀನು ಅದನ್ನು ಒಮ್ಮೆ ಹಾಕಿ ಕೇಳಿ, ಪೆಟ್ಟಿಗೆ ಮುಚ್ಚಿ, ಬೆಳಿಗ್ಗೆಗೆ ಹೊರಟುಹೋದೆ. ಅಪ್ಪ ಅಂದಿನಿಂದ ಇಂದಿನವರೆಗೆ ಆ ಮಾತು ಎತ್ತಿಲ್ಲ.

ಕಾಗದ ಮುಗಿಯುತ್ತಾ ಬಂತು. ಶಿವರಾತ್ರಿಗೆ ಬಾ ಅಣ್ಣಾ. ಅವ್ವನಿಗೆ ಈ ಕಾಗದದ ವಿಷಯ ತಿಳಿಯದು, ಆದ್ದರಿಂದ ಅವಳ ಆಶೀರ್ವಾದವನ್ನು ಕೇಳದೆ ನಾನೇ ತೆಗೆದು ಇದರಲ್ಲಿ ಇಟ್ಟಿದ್ದೇನೆ. ಬಿದಿರು ಬೀಳುವ ಕಡೆ ನಿಲ್ಲಬೇಡ.

ನಿನ್ನ ಹಿಂದೆ ಹಿಂದೆ ಬರುತ್ತಿದ್ದವಳು,
ಪುಟ್ಟಿ
(ಪುಟ್ಟಬಸಮ್ಮ)

ಮರೆತ ಮಾತಲ್ಲ ಇದು, ನಿನ್ನೆ ಬರೆಯಲು ಧೈರ್ಯ ಬಾರದೆ ಬಿಟ್ಟದ್ದು. ಈ ಕಾಗದ ಒಯ್ಯುವ ಮಾರಯ್ಯ ಬಸ್ಸಿಗೆ ಹೊರಟು ಬೇಲಿಯ ಹತ್ತಿರ ಕೆಮ್ಮುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪ್ಲೇಟಿಗೆ ಬೂದಿ ಉಜ್ಜಿದ್ದು ಅಪ್ಪ ಅಲ್ಲ, ನಾನು. ಅಪ್ಪ ಅದನ್ನು ಶುದ್ಧ ಮಾಡಿ ಒಳಗಿಡು ಎಂದರು. ನಾಲ್ಕು ಹನಿ ವಿಭೂತಿ ನೀರು ಚಿಮುಕಿಸಿದ್ದರೆ ಅವರಿಗೆ ಸಾಕಾಗಿತ್ತು. ನನಗೆ ಗೊತ್ತಿದ್ದದ್ದು ಒಲೆಯ ಬೂದಿ, ತೆಂಗಿನ ನಾರು. ಹಿತ್ತಾಳೆ ತಟ್ಟೆಯಂತೆ ಬಲವಾಗಿ ಒಂದು ಸುತ್ತು ಉಜ್ಜಿದೆ, ಬೂದಿಯಲ್ಲಿ ಮರಳಿತ್ತು. ಸದ್ದು ಕೇಳಿ ಅಪ್ಪ ಓಡಿ ಬಂದು ಕಿತ್ತುಕೊಂಡು ತಮ್ಮ ಟವಲಿನಲ್ಲಿ ಒರೆಸುತ್ತಿದ್ದರು, ಆಗ ನೀನು ಬಂದೆ. ನೀನು ಬೈದಷ್ಟೂ ಹೊತ್ತು ಅವರು ನನ್ನನ್ನು ಮರೆ ಮಾಡಿಕೊಂಡು ನಿಂತಿದ್ದರು, ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮೂರು ವರ್ಷ ಬಿಡಲಿಲ್ಲ. ಕೇರಿಗೆ ಒಯ್ದದ್ದಕ್ಕೆ ಅವರು ರೇಗಿದ್ದು ನಿಜ, ಆ ಜಗಳವನ್ನು ಅವರ ಜೊತೆಯೇ ಆಡು. ಬೂದಿಯ ಜಗಳ ನನ್ನ ಜೊತೆ ಆಡಬೇಕು. ಅದಕ್ಕಾದರೂ ಬಾ.

ಇವತ್ತು ಬೆಳಿಗ್ಗೆ ಕಸ ಚೆಲ್ಲಲು ಹೋದವಳು ಹಾಗೇ ಕೇರಿಗೆ ಹೋಗಿ ಮೂಗಯ್ಯನ ಹೆಂಡತಿ ದೊಡ್ಡಮಾದಮ್ಮನ ಜಗಲಿಯ ಮೇಲೆ ಕುಳಿತೆ. 'ಏಳವ್ವಾ, ಯಾರಾರ ಕಂಡಾರು' ಎಂದು ಅವಳು ಹೆದರಿದಳು. ನಾನು ಏಳಲಿಲ್ಲ, ಹಂಸದ ಹಾಡಿನ ಮೂರನೇ ಸಾಲು ಹೇಳು ಎಂದೆ. 'ಅದಾ? ನಮ್ ಐಕ್ಳೆಲ್ಲ ಆಡ್ತವೆ ಕಣವ್ವಾ' ಎಂದು ಹಾಡಿ ತೋರಿಸಿದಳು. ಕಾಲು ಕೆಸರಾದರೇನು, ಒಳಗೆ ಬಾ. ಇದೇ ಅಣ್ಣಾ, ಇಷ್ಟೇ. ಮನೆಗೆ ಬಂದು ಪೆಟ್ಟಿಗೆಯನ್ನು ಬೀದಿಯ ಕಡೆಯ ಜಗಲಿಗೇ ಎತ್ತಿಕೊಂಡು ಬಂದು ಹಾಡು ಹಾಕಿದೆ. ಕರಕರ ಬಂದಾಗ ಆ ಸಾಲನ್ನು ನಾನೇ ಗಟ್ಟಿಯಾಗಿ ಹಾಡಿದೆ. ಎತ್ತಿನ ಹತ್ತಿರವಿದ್ದ ಅಪ್ಪ ಬಂದು ನಿಂತು, 'ಯಾರಮ್ಮಿ ಏಳ್ಕೊಟ್ಟದ್ದು?' ಎಂದರು. ದೊಡ್ಡಮಾದಮ್ಮ, ಅವರ ಜಗಲಿಯ ಮೇಲೆ ಕುಳಿತು ಕಲಿತು ಬಂದೆ ಎಂದೆ. ಅವ್ವ ನನ್ನ ಮೇಲೆ ನೀರು ಚಿಮುಕಿಸಲು ಚೆಂಬು ಎತ್ತಿದಳು. 'ಚೆಂಬು ಮಡುಗು' ಎಂದರು ಅಪ್ಪ. ಆಮೇಲೆ ಜಗಲಿಯ ಅಂಚಿನಲ್ಲಿ ಕುಳಿತು, 'ಇನ್ನೊಂದ್ಸಲ ಆಕು' ಎಂದರು. ನಾನು ಹೊಸ ಮುಳ್ಳು ಸಿಕ್ಕಿಸಿ ಕೀ ಕೊಟ್ಟೆ.